ಎಂಪಿ ಟ್ರ್ಯಾಕ್: ಹಾಜರಿ ಸಿಗುತ್ತದೆ, ಮತ ಯಾವ ಕಡೆ ಬಿತ್ತು ಅನ್ನೋದು ಸಿಗಲ್ಲ

ಚುನಾವಣೆ ಹತ್ತಿರ ಬಂತೆಂದರೆ ವಾಟ್ಸಾಪ್‌ನಲ್ಲಿ "ನಮ್ಮ ಎಂಪಿ ಹಾಜರಿ ಇಷ್ಟು, ಪ್ರಶ್ನೆ ಇಷ್ಟು" ಅನ್ನುವ ಪೋಸ್ಟರ್‌ಗಳು ಓಡಾಡತೊಡಗುತ್ತವೆ. ಆ ಅಂಕಿಗಳನ್ನು ತಾಳೆ ನೋಡಲು ಸುಲಭವಾದ ಜಾಗ ಪಿಆರ್‌ಎಸ್ ಲೆಜಿಸ್ಲೇಟಿವ್ ರಿಸರ್ಚ್‌ನವರ ಎಂಪಿ ಟ್ರ್ಯಾಕ್ ಎಂಬ ಜಾಲಪುಟ. ಪಿಆರ್‌ಎಸ್ 2005ರಲ್ಲಿ ದೆಹಲಿಯಲ್ಲಿ ಶುರುವಾದ, ಸಂಸತ್ತಿನ ಕೆಲಸವನ್ನು ಅಧ್ಯಯನ ಮಾಡುವ ಸಂಸ್ಥೆ. ಈ ಸೇವೆಗೆ ದುಡ್ಡು ಬೇಡ, ಲಾಗಿನ್ ಬೇಡ. ಹೆಸರೋ ಕ್ಷೇತ್ರವೋ ಹಾಕಿದರೆ ಹಾಜರಿ, ಚರ್ಚೆ, ಪ್ರಶ್ನೆ, ಖಾಸಗಿ ಮಸೂದೆ (ಮಂತ್ರಿಯಲ್ಲದ ಸದಸ್ಯರು ತರುವ ಮಸೂದೆ) ಎಂಬ ನಾಲ್ಕು ಲೆಕ್ಕ ಬರುತ್ತದೆ. ಪಕ್ಕದಲ್ಲೇ ದೇಶದ ಸರಾಸರಿ, ರಾಜ್ಯದ ಸರಾಸರಿ. ಕರ್ನಾಟಕದ 28 ಲೋಕಸಭಾ ಸದಸ್ಯರನ್ನೂ 12 ರಾಜ್ಯಸಭಾ ಸದಸ್ಯರನ್ನೂ ಒಂದು ಸಂಜೆಯಲ್ಲಿ ನೋಡಿ ಮುಗಿಸಬಹುದು. ಬಳಸೋದು ಸುಲಭ. ತಪ್ಪಾಗಿ ಓದೋದು ಇನ್ನೂ ಸುಲಭ.

ಮೊದಲು ಹಾಜರಿ. ಇದು ಹಾಜರಿ ಹಾಕಿದ ದಿನಗಳ ಲೆಕ್ಕ, ಕೂತ ಹೊತ್ತಿನದ್ದಲ್ಲ. ಅಧಿವೇಶನದ ದಿನಭತ್ಯೆ ಬೇಕೆಂದರೆ ಹಾಜರಿ ಹಾಕಲೇಬೇಕು. ಹಾಕಿ ಹತ್ತು ನಿಮಿಷಕ್ಕೆ ಎದ್ದುಹೋದವರದ್ದೂ ಒಂದು ದಿನ, ರಾತ್ರಿ ತನಕ ಕೂತವರದ್ದೂ ಒಂದು ದಿನ. 17ನೇ ಲೋಕಸಭೆ (2019–24) 274 ದಿನ ಸೇರಿತ್ತು, ಸರಾಸರಿ ಹಾಜರಿ 79 ಪ್ರತಿಶತ. ಕಾಂಕೇರ್‌ನ ಮೋಹನ್ ಮಂಡಾವಿ ಮತ್ತು ಅಜ್ಮೇರ್‌ನ ಭಗೀರಥ ಚೌಧರಿ ಇಬ್ಬರದ್ದೂ ನೂರಕ್ಕೆ ನೂರು. ಸದನದಲ್ಲಿ ಇಬ್ಬರೂ ಅಕ್ಕಪಕ್ಕ ಕೂರುತ್ತಿದ್ದರಂತೆ!

ಕಾಲಂ ಖಾಲಿ ಇದ್ದರೆ ಸೊನ್ನೆ ಎಂದು ಓದಬೇಡಿ. ಮಂತ್ರಿಗಳು ಹಾಜರಿ ಹಾಕುವುದಿಲ್ಲ, ವಿರೋಧ ಪಕ್ಷದ ನಾಯಕರೂ ಹಾಕುವುದಿಲ್ಲ. ಶೋಭಾ ಕರಂದ್ಲಾಜೆ, ಭಗವಂತ ಖೂಬಾ, ಎ. ನಾರಾಯಣಸ್ವಾಮಿ 2021ರ ಜುಲೈನಲ್ಲಿ ಮಂತ್ರಿಗಳಾದರು. ಅಲ್ಲಿಂದ ಮುಂದೆ ಅವರು ಪ್ರಶ್ನೆ ಕೇಳುವವರಲ್ಲ, ಉತ್ತರ ಕೊಡುವವರು. ಅವರ ಎರಡು ವರ್ಷದ ಅಂಕಿಯನ್ನು ಪಕ್ಕದ ಕ್ಷೇತ್ರದವರ ಐದು ವರ್ಷದ ಅಂಕಿಯ ಎದುರು ಇಟ್ಟು ಹೋಲಿಸಿದರೆ ಸುಳ್ಳೇ ಹೊರಡುತ್ತದೆ.

ಚರ್ಚೆಯ ಕಾಲಂ ಇದಕ್ಕಿಂತ ಜಾರು. ಶೂನ್ಯವೇಳೆಯಲ್ಲಿ (ಸದಸ್ಯರು ತುರ್ತು ವಿಷಯ ಎತ್ತುವ ಹೊತ್ತು) ಎರಡು ನಿಮಿಷ ಊರಿನ ರೈಲು ನಿಲುಗಡೆ ಕೇಳಿದ್ದೂ ಒಂದು, ಮಸೂದೆಯೊಂದರ ಕಲಂ ಕಲಂ ಬಿಡಿಸಿ ಇಪ್ಪತ್ತು ನಿಮಿಷ ಮಾತಾಡಿದ್ದೂ ಒಂದು. ಮಸೂದೆಯ ಮೇಲಿನ ಸಮಯ ಪಕ್ಷದ ಬಲಕ್ಕೆ ತಕ್ಕಂತೆ ಹಂಚಿಕೆಯಾಗುತ್ತದೆ, ಯಾರು ಮಾತಾಡಬೇಕು ಅನ್ನುವ ಪಟ್ಟಿ ಪಕ್ಷದ ಸಚೇತಕರಿಂದ ಹೋಗುತ್ತದೆ. ದೊಡ್ಡ ಪಕ್ಷದ ಹಿಂದಿನ ಬೆಂಚಿನವರಿಗೆ, ಅಂದರೆ ಹುದ್ದೆಯಿಲ್ಲದ ಸಾಮಾನ್ಯ ಸದಸ್ಯರಿಗೆ, ಆ ಪಟ್ಟಿಯಲ್ಲಿ ಹೆಸರು ಬರುವುದೇ ಅಪರೂಪ. ಅಂಥವರಿಗೆ ಉಳಿಯುವ ಬಾಗಿಲು ಶೂನ್ಯವೇಳೆ, 377ನೇ ನಿಯಮದ ಹೇಳಿಕೆ (ಸಾರ್ವಜನಿಕ ವಿಷಯವೊಂದನ್ನು ಸದನದ ಗಮನಕ್ಕೆ ತರುವ ಚಿಕ್ಕ ಹೇಳಿಕೆ) ಮತ್ತು ಪ್ರಶ್ನೆ. ಹಾಗಾಗಿ ಎಷ್ಟು ಸಲ ಎದ್ದು ನಿಂತರು ಎಂಬುದರ ಜತೆ ಯಾವ ಬಗೆಯ ಚರ್ಚೆಗೆ ಎದ್ದರು ಎಂಬುದನ್ನೂ ನೋಡಿ. ಬರೀ ಶೂನ್ಯವೇಳೆಯೇ ತುಂಬಿದ್ದರೆ ಆ ಸದಸ್ಯರು ಕ್ಷೇತ್ರದ ಅಹವಾಲು ಒಯ್ಯುವವರು. ಅದೂ ಕೆಲಸವೇ, ಆದರೆ ಶಾಸನ ರಚನೆಯಲ್ಲ.

17ನೇ ಲೋಕಸಭೆಯಲ್ಲಿ ಐದು ವರ್ಷ ಒಂದು ಚರ್ಚೆಯಲ್ಲೂ ಬಾಯಿ ತೆರೆಯದ ಒಂಬತ್ತು ಮಂದಿಯ ಪಟ್ಟಿ ದೊಡ್ಡ ಸುದ್ದಿಯಾಯಿತು. ಅವರಲ್ಲಿ ನಾಲ್ವರು ನಮ್ಮವರೇ: ಉತ್ತರ ಕನ್ನಡ, ವಿಜಯಪುರ, ಚಿಕ್ಕಬಳ್ಳಾಪುರ, ಚಾಮರಾಜನಗರದ ಅಂದಿನ ಸದಸ್ಯರು. ಪಟ್ಟಿ ನಿಜ. ಆದರೆ ಚಾಮರಾಜನಗರದ ವಿ. ಶ್ರೀನಿವಾಸ ಪ್ರಸಾದ್ ಅನಾರೋಗ್ಯದಿಂದ ಬಳಲಿ 2024ರ ಏಪ್ರಿಲ್‌ನಲ್ಲಿ ತೀರಿಕೊಂಡರು ಎಂಬುದು ಕೋಷ್ಟಕಕ್ಕೆ ಗೊತ್ತಿಲ್ಲ. ಮಾತಾಡದವರು ಲಿಖಿತ ಪ್ರಶ್ನೆ ಕೇಳಿರಬಹುದು ಎಂಬುದು ಪೋಸ್ಟರ್ ಮಾಡುವವರಿಗೆ ಬೇಕಿಲ್ಲ.

ಪ್ರಶ್ನೆಯ ಕಾಲಂನಲ್ಲಿ ನಿಧಾನಿಸಿ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆ, 230 ಚುಕ್ಕೆರಹಿತ. ಚುಕ್ಕೆ ಗುರುತಿನದಕ್ಕೆ ಮಂತ್ರಿ ಎದ್ದು ನಿಂತು ಉತ್ತರಿಸಬೇಕು, ಉಪಪ್ರಶ್ನೆ ಎದುರಿಸಬೇಕು. ಉಳಿದದ್ದಕ್ಕೆ ಬರೀ ಲಿಖಿತ ಉತ್ತರ. ಒಂದು ದಿನದ ಪಟ್ಟಿಯಲ್ಲಿ ಒಬ್ಬರ ಹೆಸರಲ್ಲಿ ಹೆಚ್ಚೆಂದರೆ ಐದು, ಅದರಲ್ಲಿ ಚುಕ್ಕೆಯದ್ದು ಒಂದೇ. ಯಾರದ್ದು ಮೇಲೆ ಬರುತ್ತದೆ ಎಂಬುದು ಲಾಟರಿ. ಇನ್ನೊಂದು ವಿಷಯ ಬಹಳ ಜನಕ್ಕೆ ತಿಳಿದಿಲ್ಲ. ಒಂದೇ ತರದ ಪ್ರಶ್ನೆ ಹಲವರಿಂದ ಬಂದರೆ ಹೆಸರುಗಳನ್ನು ಒಟ್ಟಿಗೆ ಪೋಣಿಸುತ್ತಾರೆ. ಒಂದೇ ಪ್ರಶ್ನೆಯ ತಲೆಯ ಮೇಲೆ ನಾಲ್ಕೈದು ಹೆಸರಿದ್ದರೆ ಅಷ್ಟೂ ಮಂದಿಯ ಖಾತೆಗೆ ಒಂದೊಂದು ಜಮೆ. ಹೀಗಾಗಿ 400 ಪ್ರಶ್ನೆ ಅಂದಾಕ್ಷಣ ಬೆರಗಾಗಬೇಡಿ. ಶೀರ್ಷಿಕೆ ಒತ್ತಿ ಒಳಗಿನ ಪಠ್ಯ ತೆರೆಯಿರಿ. "ಸರ್ಕಾರ ಯಾವ ಕ್ರಮ ಕೈಗೊಂಡಿದೆ" ಎಂಬ ತೇಲಿದ ಪ್ರಶ್ನೆಗೆ ಯೋಜನೆಯ ಜಾಹೀರಾತಿನಂಥ ಉತ್ತರ ಬರುತ್ತದೆ. ಜಿಲ್ಲಾವಾರು, ವರ್ಷವಾರು, ಬಿಡುಗಡೆಯಾದದ್ದೆಷ್ಟು, ಖರ್ಚಾದದ್ದೆಷ್ಟು ಎಂದು ಕೇಳಿದ್ದರೆ ಅನುಬಂಧದಲ್ಲಿ ಕೋಷ್ಟಕ ಬಂದಿರುತ್ತದೆ. ಅಂಥ ಹತ್ತು ಪ್ರಶ್ನೆ ಇದ್ದರೆ ಆ ಸಂಸದರ ಕಚೇರಿಯಲ್ಲಿ ಓದುಬರಹ ಬಲ್ಲ ಯಾರೋ ಕೆಲಸ ಮಾಡುತ್ತಿದ್ದಾರೆ ಎಂದೇ ಅರ್ಥ.

ಖಾಸಗಿ ಮಸೂದೆಗೆ ಹೆಚ್ಚು ತೂಕ ಬೇಡ. ಸ್ವಾತಂತ್ರ್ಯ ಬಂದಾಗಿನಿಂದ ಕಾನೂನಾಗಿರುವುದು 14 ಮಾತ್ರ, ಕೊನೆಯದು 1970ರಲ್ಲಿ. 17ನೇ ಲೋಕಸಭೆಯಲ್ಲಿ 729 ಮಂಡನೆಯಾದವು, ಚರ್ಚೆಗೆ ಬಂದದ್ದು ಎರಡು. ಆ ಸದಸ್ಯರಿಗೆ ಯಾವುದರಲ್ಲಿ ಆಸಕ್ತಿ ಇದೆ ಎಂದು ತಿಳಿಯಲು ಸಾಕು.

ಇನ್ನು ದೊಡ್ಡ ಕೊರತೆ: ಮತದ ಕಾಲಂ ಇಲ್ಲವೇ ಇಲ್ಲ. ಇದಕ್ಕೆ ಬೈಯಬೇಕಾದ್ದು ಪಿಆರ್‌ಎಸ್‌ನವರನ್ನಲ್ಲ. ಬಹುಪಾಲು ಮಸೂದೆಗಳು ಧ್ವನಿಮತದಲ್ಲೇ ಪಾಸಾಗುತ್ತವೆ. ಯಾರು "ಹೌದು" ಅಂದರು, ಯಾರು "ಇಲ್ಲ" ಅಂದರು ಎಂಬುದಕ್ಕೆ ದಾಖಲೆಯೇ ಹುಟ್ಟುವುದಿಲ್ಲ. ಯಾರಾದರೂ ಪಟ್ಟುಹಿಡಿದು ವಿಭಜನೆ (ಡಿವಿಷನ್, ಅಂದರೆ ಒಬ್ಬೊಬ್ಬರ ಮತ ಎಣಿಸುವುದು) ಕೇಳಿದರೆ, ಇಲ್ಲವೇ ಸಂವಿಧಾನ ತಿದ್ದುಪಡಿಯಾದರೆ ಮಾತ್ರ ಹೆಸರು ಸಿಗುತ್ತದೆ. ಆಗ ಮೊಗಸಾಲೆ (ಲಾಬಿ) ತೆರವಾಗಿ, ಮೂರೂವರೆ ನಿಮಿಷ ಗಂಟೆ ಹೊಡೆದು, ಬಾಗಿಲು ಹಾಕಿ, ಗುಂಡಿ ಒತ್ತುತ್ತಾರೆ.

ಹುಡುಕುವ ದಾರಿ ಹೀಗೆ. ಸಂಸದ್ ಡಾಟ್ ಇನ್ ತೆರೆಯಿರಿ, ಲೋಕಸಭೆ, ಅದರೊಳಗೆ ಚರ್ಚೆಗಳು, ತಾರೀಕು ಆರಿಸಿ ಆ ದಿನದ ಪೂರ್ತಿ ಪಠ್ಯ ಇಳಿಸಿಕೊಳ್ಳಿ. ಕಡತದಲ್ಲಿ "ಡಿವಿಷನ್" ಎಂದು ಇಂಗ್ಲಿಷ್‌ನಲ್ಲಿ ಹುಡುಕಿದರೆ ಪರ, ವಿರುದ್ಧ ಎಂದು ಹೆಸರುಗಳ ಸಾಲು ಬರುತ್ತದೆ. ಸಾಲು ಮುಗಿದ ಮೇಲೆ ಅಡಿಟಿಪ್ಪಣಿಯನ್ನೂ ಓದಲೇಬೇಕು. ತಪ್ಪು ಗುಂಡಿ ಒತ್ತಿದವರು, ಯಂತ್ರ ಕೈಕೊಟ್ಟವರು ಚೀಟಿಯಲ್ಲಿ ಬರೆದುಕೊಟ್ಟು ತಿದ್ದಿಸಿಕೊಂಡಿದ್ದು ಅಲ್ಲಿರುತ್ತದೆ. ಇದು ಸಣ್ಣ ವ್ಯತ್ಯಾಸ ಅಂದುಕೊಳ್ಳಬೇಡಿ. 2024ರ ಡಿಸೆಂಬರ್ 17ರಂದು ಒಂದು ದೇಶ ಒಂದು ಚುನಾವಣೆಯ ಮಸೂದೆ ಮಂಡನೆಗೆ ಮತ ಹಾಕಿದಾಗ ಯಂತ್ರದ ಪರದೆಯಲ್ಲಿ ಕಂಡದ್ದು 220 ಪರ, 149 ವಿರುದ್ಧ. ಚೀಟಿಗಳನ್ನು ಎಣಿಸಿದ ಮೇಲೆ 269 ಮತ್ತು 198! ಪರದೆಯ ಫೋಟೊ ನೋಡಿ ನಿಮ್ಮ ಸಂಸದರು ಗೈರು ಎಂದು ಬರೆದಿದ್ದರೆ ತಪ್ಪಾಗುವ ಸಾಧ್ಯತೆ ಎಷ್ಟಿತ್ತು, ನೋಡಿ. 2023ರ ಸೆಪ್ಟೆಂಬರ್ 20ರ ಮಹಿಳಾ ಮೀಸಲಾತಿ ಮತದಾನವಂತೂ ಪೂರ್ತಿ ಚೀಟಿಯಲ್ಲೇ ನಡೆದು 454 ಪರ, 2 ವಿರುದ್ಧ ಬಂತು.

ಇಷ್ಟೆಲ್ಲ ಹುಡುಕಿ ಸಿಗುವುದು ಹೆಚ್ಚಾಗಿ ಪಕ್ಷದ ಮತ. 1985ರ 52ನೇ ತಿದ್ದುಪಡಿಯಿಂದ ಬಂದ ಹತ್ತನೇ ಅನುಸೂಚಿಯ (ಪಕ್ಷಾಂತರ ನಿಷೇಧ) ಪ್ರಕಾರ ವಿಪ್ (ಹೀಗೇ ಮತ ಹಾಕಿ ಎಂಬ ಪಕ್ಷದ ಆದೇಶ) ಮೀರಿ ಮತ ಹಾಕಿದರೂ, ಹೇಳದೆ ಗೈರಾದರೂ, ಪಕ್ಷ 15 ದಿನದೊಳಗೆ ಮನ್ನಿಸದಿದ್ದರೆ ಸದಸ್ಯತ್ವಕ್ಕೇ ಸಂಚಕಾರ. ಸ್ವಂತ ಆಯ್ಕೆ ಕಾಣುವುದು ಪಕ್ಷೇತರರಲ್ಲಿ. 2019ರಲ್ಲಿ ಮಂಡ್ಯದಿಂದ ಹಾಗೆ ಗೆದ್ದ ಸುಮಲತಾ ಅವರ ಮತಗಳನ್ನು ಹುಡುಕಿದರೆ ಶ್ರಮ ಸಾರ್ಥಕ, ಪಕ್ಷದ ಚಿಹ್ನೆಯ ಮೇಲೆ ಗೆದ್ದವರದ್ದಕ್ಕೆ ಅಷ್ಟು ಬೆಲೆ ಇಲ್ಲ. ಬ್ರಿಟನ್ನಿನಲ್ಲಿರುವ ಕನ್ನಡಿಗರಿಗೆ ದೇ ವರ್ಕ್ ಫಾರ್ ಯೂ ಎಂಬ ತಾಣ ಗೊತ್ತಿರಬಹುದು. ಪೋಸ್ಟ್‌ಕೋಡ್ ಹಾಕಿದರೆ ನಿಮ್ಮ ಎಂಪಿ ಯಾವ ವಿಷಯಕ್ಕೆ ಯಾವ ಕಡೆ ಮತ ಹಾಕಿದರು ಎಂದು ಸಾರಾಂಶ ಕೊಡುತ್ತದೆ. ಅಲ್ಲಿ ವಿಪ್ ಮೀರಿದರೆ ಪಕ್ಷ ಸಿಟ್ಟಾಗಬಹುದು, ಪಕ್ಷದಿಂದ ಹೊರಗೂ ಹಾಕಬಹುದು, ಸೀಟು ಹೋಗುವುದಿಲ್ಲ. ಆ ತಾಣವನ್ನು ಇಲ್ಲಿಗೆ ತಂದಿಟ್ಟರೆ ಪಕ್ಷಕ್ಕೊಂದರಂತೆ ಒಂದೇ ಪುಟ ಮಾಡಿದರೂ ಸಾಕಾದೀತು.

ಹಾಗಾದರೆ ಹಿಂದಿನ ಬೆಂಚಿನವರ ನಿಜವಾದ ದುಡಿಮೆ ಎಲ್ಲಿ ಕಾಣುತ್ತದೆ? ಎಂಪಿ ಟ್ರ್ಯಾಕ್‌ನ ನಾಲ್ಕು ಕಾಲಂ ಆಚೆಗಿನ ಎರಡು ಜಾಗದಲ್ಲಿ. ಒಂದು, ಸ್ಥಾಯಿ ಸಮಿತಿಗಳು. ಇಲಾಖಾವಾರು ಸಮಿತಿಗಳು 24 ಇವೆ, ತಲಾ 31 ಸದಸ್ಯರು, ಲೋಕಸಭೆಯಿಂದ 21, ರಾಜ್ಯಸಭೆಯಿಂದ 10. ಸಭೆಗೆ ಕ್ಯಾಮೆರಾ ಇಲ್ಲ, ವಿಪ್ ಕೂಡ ಇಲ್ಲ. ವರದಿಯ ಪಿಡಿಎಫ್ ಇಳಿಸಿಕೊಂಡು ಶಿಫಾರಸುಗಳನ್ನು ದಾಟಿ ಕೊನೆಯ ಪುಟಗಳಿಗೆ ಹೋಗಿ. ಅಲ್ಲಿ ಸಭೆಯ ನಡಾವಳಿ ಇರುತ್ತದೆ, ಅದರ ತಲೆಯಲ್ಲೇ ಬಂದವರ ಹೆಸರು. ನಾಲ್ಕು ವರದಿ ತಿರುವಿದರೆ ಯಾರು ಬರುತ್ತಾರೆ, ಯಾರ ಹೆಸರು ಕಾಣುವುದೇ ಇಲ್ಲ ಎಂದು ಗೊತ್ತಾಗಿಬಿಡುತ್ತದೆ. ಭಿನ್ನಮತದ ಟಿಪ್ಪಣಿ ಬರೆದಿದ್ದರೆ ಅದನ್ನೂ ಓದಿ.

ಎರಡನೆಯದು ಭರವಸೆ. ಉತ್ತರದಲ್ಲಿ "ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸದನದ ಮುಂದೆ ಇಡಲಾಗುವುದು" ಎಂಬ ಸಾಲು ಬಂದರೆ ಅದು ಸರ್ಕಾರ ಕೊಟ್ಟ ಭರವಸೆ. ಮೂರು ತಿಂಗಳೊಳಗೆ ಪೂರೈಸಬೇಕು, ಇದನ್ನು ನೋಡಿಕೊಳ್ಳಲು ಸಮಿತಿಯೇ ಇದೆ. ನಿಮ್ಮ ಸಂಸದರ ಪ್ರಶ್ನೆಗಳಲ್ಲಿ ಈ ಸಾಲು ಇರುವವನ್ನು ಆರಿಸಿ ತಾರೀಕು ಬರೆದಿಟ್ಟುಕೊಳ್ಳಿ. ಮೂರು ತಿಂಗಳ ನಂತರ ಅದೇ ವಿಷಯಕ್ಕೆ ಅವರೇ ಮತ್ತೆ ಕೇಳಿದ್ದಾರಾ, ಬೆನ್ನು ಹತ್ತಿದ್ದಾರಾ ನೋಡಿ. ಎಂಪಿ ಟ್ರ್ಯಾಕ್‌ನಲ್ಲಿ ಮೊದಲ ಪ್ರಶ್ನೆಯೂ ಒಂದೇ ಅಂಕಿ, ಬೆನ್ನು ಹತ್ತಿ ಕೇಳಿದ ಎರಡನೆಯದೂ ಒಂದೇ ಅಂಕಿ.