ಕೈಕೊಡುತ್ತಿರುವ ಹಾರ್ಡ್ ಡಿಸ್ಕಿಗೆ ಡಿಡಿರೆಸ್ಕ್ಯೂ: ಹಲವು ವರ್ಷ ಬಳಸಿದ ಮೇಲಿನ ವಿಮರ್ಶೆ

ಓದುವಾಗ ತಡವರಿಸುವ, ಕಾಪಿ ಮಾಡಹೋದರೆ ಅರ್ಧಕ್ಕೇ ನಿಂತುಬಿಡುವ ಡಿಸ್ಕಿನಿಂದ ಡೇಟಾ ಎತ್ತಲು ಮೊದಲು ಕೈಗೆತ್ತಿಕೊಳ್ಳಬೇಕಾದ ಸಾಧನ ಗ್ನೂ ಡಿಡಿರೆಸ್ಕ್ಯೂ (ddrescue), ಲಿನಕ್ಸ್‌ನಲ್ಲಿ ಕಮಾಂಡ್ ಬರೆದು ಓಡಿಸುವಂಥದ್ದು. ಆಂಟೋನಿಯೊ ಡಿಯಾಸ್ ಡಿಯಾಸ್ 2004ರಿಂದ ರೂಪಿಸುತ್ತ ಬಂದಿರುವ ಉಚಿತ, ಮುಕ್ತ ತಂತ್ರಾಂಶ ಇದು. ಫೈಲು, ಫೋಲ್ಡರು ಯಾವುದೂ ಇದಕ್ಕೆ ಗೊತ್ತಿಲ್ಲ. ಡಿಸ್ಕಿನ ಸೆಕ್ಟರ್‌ಗಳನ್ನು (ಡೇಟಾ ಇಡುವ ಪುಟ್ಟ ವಿಭಾಗಗಳನ್ನು) ಇದ್ದ ಹಾಗೇ ಇನ್ನೊಂದು ಒಳ್ಳೆಯ ಡಿಸ್ಕಿಗೆ ಇಳಿಸುತ್ತದೆ, ಅಷ್ಟೇ. ಆದರೆ ಯಾವುದನ್ನು ಮೊದಲು ಓದಬೇಕು, ಯಾವುದನ್ನು ಕೊನೆಗೆ ಬಿಡಬೇಕು ಎಂಬ ವಿವೇಕ ಇದಕ್ಕಿದೆ. ಸಾಯುತ್ತಿರುವ ಡಿಸ್ಕಿನಲ್ಲಿ ಫಲಿತಾಂಶ ನಿರ್ಧಾರವಾಗುವುದು ಅದರಿಂದಲೇ.

ಇನ್‌ಸ್ಟಾಲ್ ಮಾಡುವಾಗಲೇ ಒಂದು ಗೊಂದಲ ಎದುರಾಗುತ್ತದೆ. ಡೆಬಿಯನ್, ಉಬುಂಟುಗಳಲ್ಲಿ ಪ್ಯಾಕೇಜಿನ ಹೆಸರು ‘ಜಿಡಿಡಿರೆಸ್ಕ್ಯೂ’, ಕಮಾಂಡ್ ಮಾತ್ರ ‘ಡಿಡಿರೆಸ್ಕ್ಯೂ’. ನಡುವೆ ಅಂಡರ್‌ಸ್ಕೋರ್ ಇರುವ ‘ಡಿಡಿ_ರೆಸ್ಕ್ಯೂ’ ಬೇರೆಯವರು ಬರೆದ ಬೇರೆಯದೇ ಸಾಧನ. ಅದರ ಆಯ್ಕೆಗಳು ಇಲ್ಲಿ ನಡೆಯುವುದಿಲ್ಲ.

ಡಿಸ್ಕನ್ನು ಇದ್ದ ಹಾಗೇ ನಕಲಿಸುವ ಹಳೆಯ ‘ಡಿಡಿ’ ಕಮಾಂಡ್ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ದೋಷ ಕಂಡರೂ ಮುಂದುವರಿ ಎಂದು ಡಿಡಿಗೆ ಹೇಳಿ ಓದಲಾಗದ ಜಾಗಕ್ಕೆ ಸೊನ್ನೆ ತುಂಬುವ ‘ಸಿಂಕ್’ ಆಯ್ಕೆ ಸೇರಿಸಲು ಮರೆತರೆ ಓದಲಾಗದ ಜಾಗ ಬಿಟ್ಟುಹೋಗಿ ಅದರ ಮುಂದಿನದ್ದೆಲ್ಲ ಹಿಂದಕ್ಕೆ ಸರಿಯುತ್ತದೆ, ಇಡೀ ಇಮೇಜ್ (ಡಿಸ್ಕಿನ ಪೂರ್ತಿ ನಕಲು) ಹಾಳು. ಸೇರಿಸಿ, ಒಮ್ಮೆಗೆ ಓದುವ ಬ್ಲಾಕನ್ನು ದೊಡ್ಡದಾಗಿ ಕೊಟ್ಟರೆ ಒಂದು ಕೆಟ್ಟ ಸೆಕ್ಟರಿನ ಜೊತೆ ಅಕ್ಕಪಕ್ಕದ ಒಳ್ಳೆಯದೂ ಸೊನ್ನೆಯಾಗಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಡಿಡಿ ಕೆಟ್ಟ ಜಾಗದಲ್ಲೇ ಗುದ್ದಾಡುತ್ತ ಕೂತು, ಆಚೆ ಇರುವ ಒಳ್ಳೆಯ ಭಾಗ ತಲುಪುವ ಮೊದಲೇ ಡಿಸ್ಕ್ ಕೊನೆಯುಸಿರೆಳೆಯಬಹುದು.

ಡಿಡಿರೆಸ್ಕ್ಯೂ ಒಮ್ಮೆಗೆ 128 ಸೆಕ್ಟರ್, ಅಂದರೆ 64 ಕಿಬಿಬೈಟ್ ಓದುತ್ತದೆ. ದೋಷ ಬಂದರೆ ಅಲ್ಲಿ ನಿಲ್ಲದೆ ಹಾರುತ್ತದೆ, ಮತ್ತೆ ದೋಷ ಬಂದರೆ ಇನ್ನೂ ದೂರ ಹಾರುತ್ತದೆ. ಹೀಗೆ ಮುಂದಕ್ಕೂ ಹಿಂದಕ್ಕೂ ಕೆಲವು ಸುತ್ತು ಹೊಡೆದು ಸುಲಭವಾಗಿ ಸಿಗುವುದನ್ನೆಲ್ಲ ಬಾಚಿಕೊಳ್ಳುತ್ತದೆ. ಆಮೇಲೆ ಸಿಗದ ತುಂಡುಗಳ ಅಂಚುಗಳಿಂದ ಒಳಕ್ಕೆ ಒಂದೊಂದೇ ಸೆಕ್ಟರ್ ಓದುವ ಟ್ರಿಮ್ಮಿಂಗ್, ಉಳಿದ ನಡುಭಾಗವನ್ನು ಕೆರೆಯುವ ಸ್ಕ್ರೇಪಿಂಗ್, ನೀವು ಕೇಳಿದರೆ ಮಾತ್ರ ಮರುಪ್ರಯತ್ನ. ಡಿಸ್ಕಿಗೆ ಹೆಚ್ಚು ಆಯಾಸವಾಗುವ ಕೆಲಸಗಳೆಲ್ಲ ಕೊನೆಗೆ.

ಇಷ್ಟನ್ನೂ ನೆನಪಿಡುವುದು ಮ್ಯಾಪ್‌ಫೈಲ್. ಹಳೆಯ ಆವೃತ್ತಿಗಳಲ್ಲಿ ಇದನ್ನೇ ಲಾಗ್‌ಫೈಲ್ ಎನ್ನುತ್ತಿದ್ದರು. ಸಾದಾ ಪಠ್ಯದ ಕಡತ: ಕೂಡಿಸುವ ಚಿಹ್ನೆ ಇದ್ದರೆ ಆ ಭಾಗ ಬಂದಿದೆ, ಕಳೆಯುವ ಚಿಹ್ನೆ ಇದ್ದರೆ ಕೆಟ್ಟ ಸೆಕ್ಟರ್, ಪ್ರಶ್ನಾರ್ಥಕ ಚಿಹ್ನೆ ಇದ್ದರೆ ಇನ್ನೂ ಮುಟ್ಟಿಲ್ಲ. ಕಂಟ್ರೋಲ್-ಸಿ ಒತ್ತಿ ನಿಲ್ಲಿಸಿ, ಡಿಸ್ಕ್ ತಣ್ಣಗಾಗಲು ಬಿಟ್ಟು, ಮಾರನೆಯ ದಿನ ಅದೇ ಕಮಾಂಡ್ ಕೊಟ್ಟರೆ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಮ್ಯಾಪ್‌ಫೈಲ್ ಹೆಸರು ಕೊಡದೆಯೂ ಇದು ಓಡುತ್ತದೆ ಎಂಬುದು ನನ್ನ ದೊಡ್ಡ ದೂರು. ಅದನ್ನು ಕಡ್ಡಾಯ ಮಾಡಬೇಕಿತ್ತು. ಇನ್‌ಸ್ಟಾಲ್ ಮಾಡದೆ ಲಿನಕ್ಸ್ ಓಡಿಸುವ ಲೈವ್ ಯುಎಸ್‌ಬಿಯಿಂದ ಬೂಟ್ ಮಾಡಿದ್ದರೆ ಈ ಫೈಲನ್ನು ಹೋಮ್ ಫೋಲ್ಡರಿನಲ್ಲಿ ಇಡಬೇಡಿ. ಅದು ರ್‍ಯಾಮಿನಲ್ಲಿರುತ್ತದೆ, ಕರೆಂಟ್ ಹೋದರೆ ಅದೂ ಹೋಯಿತು.

ಶುರುಮಾಡುವ ಮೊದಲು ಡಿಸ್ಕಿಗೆ ಕಿವಿಗೊಡಿ. ಟಕ್ ಟಕ್ ಎಂಬ ಸದ್ದು ಬಿಡದೆ ಬರುತ್ತಿದ್ದರೆ, ಉಜ್ಜುವ ಸದ್ದು ಕೇಳಿದರೆ ತಕ್ಷಣ ಪವರ್ ತೆಗೆಯಿರಿ. ಅದು ಹೆಡ್ (ಓದುವ ತಲೆ) ಅಥವಾ ಪ್ಲ್ಯಾಟರಿನ (ಡೇಟಾ ಇರುವ ತಟ್ಟೆ) ಪೆಟ್ಟು, ಯಾವ ಕಮಾಂಡೂ ಸರಿಮಾಡುವುದಿಲ್ಲ. ಧೂಳಿಲ್ಲದ ಕ್ಲೀನ್ ರೂಮ್ ಇರುವ ಡೇಟಾ ರಿಕವರಿಯವರ ಕೆಲಸ. ಸದ್ದಿಲ್ಲದಿದ್ದರೆ ಸ್ಮಾರ್ಟ್‌ಸಿಟಿಎಲ್ ಕಮಾಂಡಿನಿಂದ ಡಿಸ್ಕಿನ ಆರೋಗ್ಯ ವರದಿಯ 5, 197, 198ನೇ ಅಂಕಿಗಳನ್ನು ನೋಡಿ: ಬದಲಿ ಕೊಟ್ಟ ಸೆಕ್ಟರ್‌ಗಳು, ತೀರ್ಮಾನಕ್ಕೆ ಕಾದಿರುವವು, ಸರಿಪಡಿಸಲಾಗದವು. ಡೇಟಾ ಸಾಗಣೆಯ ದೋಷ ಎಣಿಸುವ 199 ಮಾತ್ರ ಏರುತ್ತಿದ್ದರೆ ಮೊದಲು ಕೇಬಲ್ ಬದಲಿಸಿ. ಚೆಕ್‌ಡಿಸ್ಕ್, ಎಫ್‌ಎಸ್‌ಸಿಕೆ ಎಂಬ ರಿಪೇರಿ ಸಾಧನಗಳೆರಡನ್ನೂ ಈ ಡಿಸ್ಕಿನ ಹತ್ತಿರಕ್ಕೂ ತರಬೇಡಿ. ಅವು ಕೆಟ್ಟ ಡಿಸ್ಕಿನ ಮೇಲೇ ಬರೆಯುತ್ತವೆ.

ಯುಎಸ್‌ಬಿ ಪೆಟ್ಟಿಗೆಯಿಂದ ತೆಗೆದು ನೇರ ಮದರ್‌ಬೋರ್ಡಿನ ಸಾಟಾ ಪೋರ್ಟಿಗೆ ಹಾಕಿದರೆ ಅರ್ಧ ಗೆದ್ದ ಹಾಗೆ. ದೋಷಗಳು ಸಾಲಾಗಿ ಬಂದಾಗ ಪೆಟ್ಟಿಗೆಯೊಳಗಿನ ಅನೇಕ ಯುಎಸ್‌ಬಿ ಬ್ರಿಡ್ಜ್‌ಗಳು ಸಂಪರ್ಕವನ್ನೇ ಕಡಿದುಬಿಡುತ್ತವೆ. ಒಂದು ಎಚ್ಚರ: ಕೆಲವು ಪೆಟ್ಟಿಗೆಗಳು 512 ಬೈಟಿನ ಸೆಕ್ಟರನ್ನು 4096 ಎಂದು ತೋರಿಸುತ್ತವೆ, ಕೆಲವು ಡೇಟಾವನ್ನು ಎನ್‌ಕ್ರಿಪ್ಟ್ ಕೂಡ ಮಾಡುತ್ತವೆ. ಹೊರತೆಗೆದ ಮೇಲೆ ಪಾರ್ಟಿಶನ್ ಕಾಣದಿದ್ದರೆ ಕಾರಣ ಇದಿರಬಹುದು.

ಇಮೇಜ್ ಇಡುವ ಡಿಸ್ಕಿನಲ್ಲಿ ಮೂಲ ಡಿಸ್ಕಿನ ಒಟ್ಟು ಗಾತ್ರಕ್ಕಿಂತ ಹೆಚ್ಚು ಖಾಲಿ ಜಾಗ ಬೇಕು. ಅದರ ಫೈಲ್ ಸಿಸ್ಟಮ್ ಫ್ಯಾಟ್32 ಆಗಿರಬಾರದು, ಅಲ್ಲಿ ಒಂದು ಫೈಲ್ 4 ಜಿಬಿ ದಾಟುವುದಿಲ್ಲ. ಕಮಾಂಡಿನ ಕ್ರಮ: ಆಯ್ಕೆಗಳು, ಮೂಲ, ಗುರಿ, ಮ್ಯಾಪ್‌ಫೈಲ್. ಗುರಿಯೂ ಡಿಸ್ಕೇ ಆಗಿದ್ದರೆ ‘ಹೈಫನ್ ಎಫ್’ (-f) ಆಯ್ಕೆ ಕೇಳುತ್ತದೆ; ಆಗ ಮೂಲ, ಗುರಿ ಅದಲುಬದಲಾದರೆ ಡೇಟಾ ಅಳಿದೇ ಹೋಗುತ್ತದೆ. ಇಮೇಜ್ ಫೈಲಿಗೇ ಇಳಿಸುವುದು ಕ್ಷೇಮ. ರೀಬೂಟ್ ಆದಾಗ ಡಿಸ್ಕಿನ ಹೆಸರು ಎಸ್‌ಡಿಬಿ ಇದ್ದದ್ದು ಎಸ್‌ಡಿಸಿ ಆಗಬಹುದು, ಹಾಗಾಗಿ ಸೀರಿಯಲ್ ಸಂಖ್ಯೆ ಇರುವ ‘ಬೈ-ಐಡಿ’ (/dev/disk/by-id) ದಾರಿಯನ್ನೇ ಬರೆಯಿರಿ.

ಮೊದಲ ಓಟ ಸಣ್ಣಕ್ಷರದ ‘ಹೈಫನ್ ಎನ್’ ಜೊತೆ: ಕೆರೆಯುವ ಹಂತ ಬಿಟ್ಟು ಮಿಕ್ಕದ್ದೆಲ್ಲ ಬರುತ್ತದೆ. ಸೆಕೆಂಡಿಗೆ 100 ಎಂಬಿ ವೇಗದಲ್ಲಿ 1 ಟಿಬಿಗೆ ಹತ್ತಿರ ಹತ್ತಿರ ಮೂರು ಗಂಟೆ. ಡಿಸ್ಕ್ ತುಂಬ ಕೆಟ್ಟಿದ್ದರೆ ದಿನಗಟ್ಟಲೆ. ಪರದೆಯ ‘ಉಳಿದ ಸಮಯ’ವನ್ನು ನಂಬಬೇಡಿ, ‘ಕೊನೆಯ ಯಶಸ್ವಿ ಓದಿನಿಂದ ಕಳೆದ ಸಮಯ’ದ ಮೇಲೆ ಕಣ್ಣಿಡಿ. ಎರಡನೇ ಓಟದಲ್ಲಿ ಎನ್ ತೆಗೆದು ಸಣ್ಣಕ್ಷರದ ‘ಹೈಫನ್ ಡಿ’ ಮತ್ತು ‘ಹೈಫನ್ ಆರ್ 3’ (ಮೂರು ಮರುಪ್ರಯತ್ನ) ಹಾಕಿ. ಡಿ ಇದ್ದರೆ ಕರ್ನಲ್ಲಿನ (ಲಿನಕ್ಸ್‌ನ ತಿರುಳು) ಕ್ಯಾಶ್ ಎಂಬ ತಾತ್ಕಾಲಿಕ ಸಂಗ್ರಹ ಬದಿಗೆ ಸರಿದು ಓದು ನೇರವಾಗುತ್ತದೆ. ಒಳಗೆ 4096 ಬೈಟಿನ ಸೆಕ್ಟರ್ ಇರುವ ಡಿಸ್ಕಿನಲ್ಲಿ ‘ಹೈಫನ್ ಬಿ 4096’ ಕೊಡಿ, ಇಲ್ಲವಾದರೆ ಒಂದೇ ಕೆಟ್ಟ ಸೆಕ್ಟರಿಗೆ ಎಂಟು ಸಲ ತಲೆ ಚಚ್ಚಿಕೊಳ್ಳುತ್ತದೆ.

ಡಿಡಿರೆಸ್ಕ್ಯೂವ್ಯೂ ಎಂಬ ಪ್ರತ್ಯೇಕ ಸಾಧನ ಮ್ಯಾಪ್‌ಫೈಲನ್ನು ಚಿತ್ರವಾಗಿ ತೋರಿಸುತ್ತದೆ, ಬಹಳ ಉಪಯುಕ್ತ. ಒಂದೇ ಕಡೆ ಕೆಂಪು (ಕೆಟ್ಟ ಸೆಕ್ಟರ್) ಮುದ್ದೆಯಾಗಿದ್ದರೆ ಪ್ಲ್ಯಾಟರಿನ ಆ ಭಾಗ ಹಾಳು. ಸಮ ಅಂತರದಲ್ಲಿ ಪಟ್ಟೆ ಪಟ್ಟೆಯಾಗಿ ಕಂಡರೆ ಹಲವು ಹೆಡ್‌ಗಳಲ್ಲಿ ಒಂದು ಸೋತಿದೆ ಎಂದೇ ತಿಳಿಯಬಹುದು. ಆಗ ಮರುಪ್ರಯತ್ನ ಹೆಚ್ಚಿಸುವುದು ಅಪಾಯ. ಉಳಿದ ಹೆಡ್‌ಗಳದ್ದನ್ನು ಎತ್ತಿಕೊಂಡು ನಿಲ್ಲಿಸಿ.

ಕೊರತೆಗಳೂ ಇವೆ. ಖಾಲಿ ಜಾಗವನ್ನೂ ಅಷ್ಟೇ ಶ್ರದ್ಧೆಯಿಂದ ಓದುತ್ತದೆ. ಬಳಕೆಯಲ್ಲಿರುವ ಭಾಗದ ನಕ್ಷೆಯನ್ನು ಪಾರ್ಟಿಶನ್ ನಕಲಿಸುವ ಸಾಧನ ಪಾರ್ಟ್‌ಕ್ಲೋನಿನಿಂದ ತಯಾರಿಸಿ ಸಣ್ಣಕ್ಷರದ ‘ಹೈಫನ್ ಎಮ್’ ಮೂಲಕ ಕೊಡಬಹುದು, ಆದರೆ ಹೊಸಬರಿಗೆ ಇದು ಕಷ್ಟ. ಒಳಗಿನ ನಿಯಂತ್ರಕ ಚಿಪ್ (ಕಂಟ್ರೋಲರ್) ಸತ್ತ ಎಸ್‌ಎಸ್‌ಡಿಗೆ ಇದರಿಂದ ಏನೂ ಆಗುವುದಿಲ್ಲ. ಎಸ್‌ಎಸ್‌ಡಿಯ ಟ್ರಿಮ್ (ಅಳಿಸಿದ ಫೈಲಿನ ಜಾಗವನ್ನು ಅದೇ ಖಾಲಿ ಮಾಡುವ ವ್ಯವಸ್ಥೆ; ಮೇಲಿನ ಟ್ರಿಮ್ಮಿಂಗ್ ಅಲ್ಲ) ಆಗಿ ಅಳಿದ ಫೈಲಂತೂ ಬರುವುದಿಲ್ಲ.

ಇಮೇಜ್ ಬಂದ ಮೇಲೆ ಅದನ್ನು ಡಿಸ್ಕಿನಂತೆ ತೋರಿಸುವ ಲೂಪ್ ಸಾಧನಕ್ಕೆ ಓದಲು ಮಾತ್ರ ಎಂದು ಕಟ್ಟಿ, ಫೈಲ್ ಸಿಸ್ಟಮ್ ಇಎಕ್ಸ್‌ಟಿ4 ಆದರೆ ‘ಆರ್‌ಓ, ನೋಲೋಡ್’, ಎಕ್ಸ್‌ಎಫ್‌ಎಸ್ ಆದರೆ ‘ಆರ್‌ಓ, ನೋರಿಕವರಿ’ ಆಯ್ಕೆಯಲ್ಲಿ ಮೌಂಟ್ ಮಾಡಿ (ಫೈಲುಗಳು ಕಾಣುವಂತೆ ಜೋಡಿಸಿ). ಜರ್ನಲ್ (ಬರೆಯಬೇಕಾದದ್ದರ ದಾಖಲೆ) ಬಾಕಿ ಇದ್ದರೆ ಬರಿಯ ಆರ್‌ಓ ಒಪ್ಪುವುದಿಲ್ಲ. ರಿಪೇರಿ, ಟೆಸ್ಟ್‌ಡಿಸ್ಕ್, ಫೋಟೋರೆಕ್‌ನಂಥ ರಿಕವರಿ ಸಾಧನ ಏನಿದ್ದರೂ ಇಮೇಜಿನ ಮೇಲೆ, ಬರೆಯುವ ಕೆಲಸವಾದರೆ ಇಮೇಜಿನ ಇನ್ನೊಂದು ಪ್ರತಿಯ ಮೇಲೆ.

ಯಾವ ಫೈಲ್ ಹಾಳಾಗಿದೆ ಎಂದು ಕಂಡುಹಿಡಿಯುವ ಉಪಾಯವೂ ಡಿಡಿರೆಸ್ಕ್ಯೂನಲ್ಲೇ ಇದೆ, ಹೆಚ್ಚಿನವರು ಬಳಸುವುದಿಲ್ಲ. ಇಮೇಜಿನ ಒಂದು ಪ್ರತಿಯ ಮೇಲೆ ‘ಫಿಲ್-ಮೋಡ್’ ಓಡಿಸಿ, ಕೆಟ್ಟ ಸೆಕ್ಟರ್‌ಗಳ ಜಾಗದಲ್ಲಿ ಬೇರೆಲ್ಲೂ ಬರದಂಥ ಒಂದು ಪದ ತುಂಬಿಸಿ. ಮೌಂಟ್ ಮಾಡಿ ಆ ಪದವನ್ನು ಗ್ರೆಪ್‌ನಿಂದ ಹುಡುಕಿದರೆ ತೂತುಬಿದ್ದ ಫೈಲುಗಳ ಪಟ್ಟಿ ಸಿಗುತ್ತದೆ. ಫೈಲ್ ಸಿಸ್ಟಮ್ ತಾನೇ ಕಂಪ್ರೆಸ್ ಅಥವಾ ಎನ್‌ಕ್ರಿಪ್ಟ್ ಮಾಡಿಟ್ಟದ್ದರಲ್ಲಿ ಮಾತ್ರ ಈ ಹುಡುಕಾಟ ಫಲಿಸುವುದಿಲ್ಲ; ಅಂಥವನ್ನು ಒಂದೊಂದಾಗಿ ತೆರೆದೇ ನೋಡಬೇಕು.