ಹಳೆಯ ಸ್ಪೀಕರ್: ಫೋಮ್ ಅಂಚೋ, ಬಟ್ಟೆಯ ಅಂಚೋ?

ಹಳೆಯ ಸ್ಪೀಕರ್ ಕೊಳ್ಳುವಾಗ, 1969ರ ಲಾರ್ಜ್ ಅಡ್ವೆಂಟ್ ಎಂಬ ಸ್ಪೀಕರಿನಲ್ಲಿ ವೂಫರ್ (ತಗ್ಗು ಸ್ವರಗಳನ್ನು ನುಡಿಸುವ ಭಾಗ) ಕೋನಿನ, ಅಂದರೆ ಕಂಪಿಸುವ ಶಂಕುವಿನ, ಸುತ್ತಲಿನ ಫೋಮ್ ಅಂಚು ಕಾಲಕ್ರಮೇಣ ಪುಡಿಯಾಗುವುದು ಸಹಜವಾದ್ದರಿಂದ ಅದನ್ನು ಕಂಡು ಹಿಂಜರಿಯಬೇಕಾಗಿಲ್ಲ. ಹಳೆಯ ಅಂಟನ್ನು ಕೆರೆದು ತೆಗೆದು, ವಾಯ್ಸ್ ಕಾಯಿಲ್ (ಕೋನನ್ನು ಅಲುಗಿಸುವ ತಂತಿಯ ಸುರುಳಿ) ಆಯಸ್ಕಾಂತದ ಸಂದಿಯ ನಟ್ಟನಡುವೆ ನಿಲ್ಲುವಂತೆ ಹೊಸ ಅಂಚನ್ನು ಅಂಟಿಸಿದರೆ, ಮುಚ್ಚಿದ ಪೆಟ್ಟಿಗೆಯ ಆ ಆಳವಾದ, ಬಿಗಿಯಾದ ಬೇಸ್ (ತಗ್ಗು ಸ್ವರ) ಮರಳುತ್ತದೆ. 1970ರ ಜೆಬಿಎಲ್ ಕಂಪನಿಯ ಎಲ್‌100 ಸ್ಪೀಕರಿನ 12 ಇಂಚಿನ ವೂಫರಿಗೆ ಲೇಪನವಿರುವ ಬಟ್ಟೆಯ ಅಂಚಿರುವುದರಿಂದ ಈ ಕೆಲಸ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಅಲ್ಲಿ ಧ್ವನಿಯ ಮಟ್ಟ ಹೊಂದಿಸುವ ನಾಬ್‌ಗಳ ಒಳಗಿನ ಕಿಲುಬನ್ನು ತೊಳೆದು, ಸ್ವರಗಳನ್ನು ಬೇರ್ಪಡಿಸುವ ವಿದ್ಯುತ್ ಬಿಡಿಭಾಗಗಳಾದ ಕೆಪಾಸಿಟರ್‌ಗಳನ್ನು ಅಳೆದು ನೋಡಬೇಕು. ತಾಳ್ಮೆಯಿಂದ ಅಂಟಿಸಬಲ್ಲವರಿಗೆ ನಾನು ಅಡ್ವೆಂಟನ್ನೇ ಸೂಚಿಸುತ್ತೇನೆ. ರಾಕ್ ಸಂಗೀತವನ್ನು ಜೋರಾಗಿ ಕೇಳುವವರಿಗೆ ಎಲ್‌100 ಹೆಚ್ಚು ಹಿಡಿಸೀತು. ಯಾವುದೇ ಆಗಲಿ, ಅಂಚು ಸರಿಯಿರುವ ಕೋನನ್ನು ಬೆರಳುಗಳಿಂದ ಸಮನಾಗಿ, ಮೆಲ್ಲಗೆ ಒತ್ತಿದಾಗ ಉಜ್ಜುವ ಸದ್ದು ಬಂದರೆ ಕೊಳ್ಳಬೇಡಿ.