ಹಿನ್ನೀರಿಗೆ ಸಣ್ಣ ದೋಣಿ, 5 ಎಚ್‌ಪಿ ಮೋಟಾರು: ನಾಲ್ಕು ವರ್ಷ ಬಳಸಿದ ಮೇಲೆ

ನಮ್ಮದು ಬಾಗಲಕೋಟೆ. ಆಲಮಟ್ಟಿ ಹಿನ್ನೀರು ಊರ ಮಗ್ಗುಲಿಗೇ ಬರುತ್ತದೆ. ಚಳಿಗಾಲದಲ್ಲಿ ಹಕ್ಕಿ ನೋಡಲು ಹೆರಕಲ್ ಕಡೆ ಹೋಗುತ್ತೇನೆ, ಫ್ಲೆಮಿಂಗೊ ಬಂದರಂತೂ ಮನೆಯಲ್ಲಿ ಕೂರಲು ಆಗುವುದೇ ಇಲ್ಲ.

ಮೊದಲು ತಗೊಂಡಿದ್ದು ಗಾಳಿ ತುಂಬುವ ಪಿವಿಸಿ ದೋಣಿ. ಮಡಚಿ ಕಾರಿನ ಡಿಕ್ಕಿಯಲ್ಲಿ ಇಡಬಹುದು, ಆ ಸುಖ ದೊಡ್ಡದು. ಆದರೆ ನಮ್ಮ ದಡದ ತುಂಬ ಬಳ್ಳಾರಿ ಜಾಲಿ. ಅದರ ಮುಳ್ಳು ಚಪ್ಪಲಿಯನ್ನೇ ಬಿಡುವುದಿಲ್ಲ, ಇನ್ನು ಪಿವಿಸಿ ಯಾವ ಲೆಕ್ಕ? ಏಪ್ರಿಲ್ ಬಿಸಿಲಲ್ಲಿ ದಡಕ್ಕೆ ಎಳೆದಿಟ್ಟರೆ ಒಳಗಿನ ಗಾಳಿ ಹಿಗ್ಗಿ ಕಲ್ಲಿನಂತೆ ಬಿಗಿಯಾಗುತ್ತಿತ್ತು, ಪ್ರತಿ ಸಲ ಸ್ವಲ್ಪ ಗಾಳಿ ಬಿಡಬೇಕು, ಒಂದು ದಿನ ಮರೆತೆ, ಅಂಟಿಸಿದ ಜೋಡಣೆಯೇ ಬಿಚ್ಚಿಕೊಂಡಿತು. ಮಾರಿದವರು ಬಿಸಿಲಿಗೆ ವಾರಂಟಿ ಇಲ್ಲ ಎಂದರು. ಬೇಜಾರಾಯಿತು.

ಈಗ ಮೂರು ವರ್ಷದಿಂದ 10 ಅಡಿಯ ಫೈಬರ್ ದೋಣಿ. ಮುಳ್ಳಿನ ಚಿಂತೆ ಇಲ್ಲ, ಗೀರು ಬಿದ್ದರೆ ರೆಸಿನ್ ಹಚ್ಚಿದರೆ ಮುಗಿಯಿತು. ಕಷ್ಟ ಇರುವುದು ಬೇಸಿಗೆಯಲ್ಲಿ. ನೀರು ಬಹಳ ದೂರ ಹಿಂದೆ ಸರಿಯುತ್ತದೆ, ಎರೆಮಣ್ಣಿನ ಕೆಸರಿನಲ್ಲಿ ದೋಣಿ ಎಳೆಯಲು ಇಬ್ಬರು ಬೇಕೇ ಬೇಕು.

ಮೋಟಾರು ಮೊದಲು 2.5 ಎಚ್‌ಪಿ ಇತ್ತು. ನಿಂತ ನೀರಲ್ಲಿ ಸಾಕು ಅನ್ನಿಸುತ್ತದೆ. ಆದರೆ ಜುಲೈ ಗಾಳಿ ಬೀಸಿದಾಗ ಅಗಲವಾದ ಹಿನ್ನೀರಲ್ಲಿ ಅಲೆ ಏಳುತ್ತದೆ, ಎದುರುಗಾಳಿಗೆ ವಾಪಸ್ ಬರುವಾಗ ದೋಣಿ ನಿಂತಲ್ಲೇ ನಿಂತ ಹಾಗೆ. ಅವತ್ತು ನಿಜವಾಗಿ ಹೆದರಿದೆ. ಆಮೇಲೆ ಟೊಹಾಟ್ಸು ಕಂಪನಿಯ 5 ಎಚ್‌ಪಿ, ಫೋರ್ ಸ್ಟ್ರೋಕ್. ತೂಕ ಸುಮಾರು 26 ಕೆಜಿ, ಎತ್ತಿಡುವಾಗ ಸೊಂಟಕ್ಕೆ ಗೊತ್ತಾಗುತ್ತದೆ. ಆದರೆ ಪೆಟ್ರೋಲಿಗೆ ಆಯಿಲ್ ಬೆರೆಸುವ ಗೋಜಿಲ್ಲ, ಹೊಗೆ ಕಡಿಮೆ, ಸದ್ದೂ ಕಡಿಮೆ. ಹಕ್ಕಿ ನೋಡುವವರಿಗೆ ಇದಕ್ಕಿಂತ ಇನ್ನೇನು ಬೇಕು?

ಕೊಳ್ಳುವ ಮೊದಲು ದೋಣಿಯ ಹಿಂಬದಿ ಹಲಗೆಯ ಎತ್ತರ ಟೇಪ್ ಹಿಡಿದು ಅಳೆಯಿರಿ. 15 ಇಂಚಿದ್ದರೆ ಶಾರ್ಟ್ ಶಾಫ್ಟ್, ಅಂದರೆ ನೀರಿಗಿಳಿಯುವ ಕಾಲು ಗಿಡ್ಡ ಇರುವ ಮೋಟಾರು, 20 ಇಂಚಿದ್ದರೆ ಲಾಂಗ್. ಅಂಗಡಿಯವರು ಸ್ಟಾಕಿನಲ್ಲಿ ಇರುವುದನ್ನೇ ಕೊಡಲು ನೋಡಿದರೆ ಒಪ್ಪಬೇಡಿ. ಸಣ್ಣ ದೋಣಿಗೆ ಲಾಂಗ್ ಹಾಕಿದರೆ ನೀರು ಇಳಿದ ಕಾಲದಲ್ಲಿ ಪ್ರೊಪೆಲ್ಲರ್ ಮುಳುಗಿದ ಹೊಲದ ಬದುವಿಗೆ, ಮರದ ಬೊಡ್ಡೆಗೆ ಬಡಿಯುತ್ತದೆ.

ಇನ್ನು ಹೂಳು. ಆಗಸ್ಟಿನಲ್ಲಿ ಕೃಷ್ಣೆ ಕೆಂಪಗೆ ಬರುತ್ತಾಳಲ್ವಾ, ಆ ನೀರೇ ಮೋಟಾರನ್ನು ತಂಪು ಮಾಡಬೇಕು. ಎರಡನೇ ಮಳೆಗಾಲದಲ್ಲಿ ಮೋಟಾರು ತಂಪು ಮಾಡಿ ಹಿಂದಿನ ತೂತಿನಿಂದ ಚಿಮ್ಮುವ ನೀರಿನ ಧಾರೆ ಸಣ್ಣಗಾಯಿತು. ತಕ್ಷಣ ಆಫ್ ಮಾಡಿ ಹುಟ್ಟು ಹಾಕಿಕೊಂಡು ದಡ ಸೇರಿದೆ. ಬಿಚ್ಚಿ ನೋಡಿದರೆ ಪಂಪಿನೊಳಗೆ ತಿರುಗಿ ನೀರು ತಳ್ಳುವ ರಬ್ಬರ್ ಚಕ್ರ, ಇಂಪೆಲ್ಲರ್, ಸವೆದಿತ್ತು. ಈಗ ಹೊಸ ಇಂಪೆಲ್ಲರ್ ಒಂದು ಸದಾ ಮನೆಯಲ್ಲಿರುತ್ತದೆ, ಬಂದ ಮೇಲೆ ಡ್ರಮ್ಮಿನ ತಿಳಿನೀರಲ್ಲಿ ಹತ್ತು ನಿಮಿಷ ಮೋಟಾರು ಓಡಿಸುತ್ತೇನೆ. ಹದಿನೈದು ದಿನ ದೋಣಿ ಇಳಿಸುವುದಿಲ್ಲ ಅಂದರೆ ಕಾರ್ಬುರೇಟರಿನ ಪೆಟ್ರೋಲ್ ಖಾಲಿ ಮಾಡಿ. ಎಥನಾಲ್ ಬೆರೆತ ಪೆಟ್ರೋಲ್ ತೇವ ಹೀರುತ್ತದೆ, ಆಮೇಲೆ ಮೋಟಾರು ಚಾಲೂ ಮಾಡುವ ಹಗ್ಗ ಎಳೆದು ಎಳೆದು ಕೈ ಸೋಲುತ್ತದೆ. ಗೇರ್ ಆಯಿಲ್ ಹಾಲಿನ ಹಾಗೆ ಬೆಳ್ಳಗಾಗಿದ್ದರೆ ಸೀಲ್ ಹೋಗಿದೆ, ನೀರು ಒಳಗೆ ಬಂದಿದೆ ಅಂತ ತಿಳಿಯಿರಿ.

ಲೈಫ್ ಜಾಕೆಟ್ ಇಲ್ಲದೆ, ನೀರಿಗೆ ಬಿದ್ದರೆ ಮೋಟಾರು ತಾನೇ ನಿಲ್ಲುವಂತೆ ಮಾಡುವ ಕಿಲ್ ಸ್ವಿಚ್ ದಾರ ಕೈಗೆ ಕಟ್ಟದೆ ನಾನು ಹಗ್ಗ ಎಳೆಯುವುದಿಲ್ಲ. ಮುಂದಿನ ಬೇಸಿಗೆಗೆ ದೋಣಿಯ ಹಿಂದೆ ಎರಡು ಅಗಲ ಚಕ್ರ ಹಾಕಿಸಬೇಕು, ಕೆಸರಿನಲ್ಲಿ ಹೂತುಹೋಗದಂಥವು ಸಿಗುತ್ತವಾ ಅಂತ ಹುಡುಕುತ್ತಿದ್ದೇನೆ.